ಹಾಸಿಗೆ ಹಿಡಿದವಳ ಕಾಯಕ

ದೀರ್ಘವ್ಯಾಧಿಯು ಮನುಷ್ಯನಿಂದ ಮೊದಲು ಬಲವನ್ನು ಕಸಿಯುತ್ತದೆ, ಅನಂತರ ವೃತ್ತಿಯನ್ನು. ಹಲವು ವರ್ಷ ಪಾಠ ಹೇಳಿದ ಉಪಾಧ್ಯಾಯನು ಶಾಲೆಗೆ ಹೋಗಲಾರದೆ ಜಗುಲಿಯ ಮೇಲೆ ಕುಳಿತಾಗ, ನೇಗಿಲು ಹಿಡಿದ ಒಕ್ಕಲಿಗನು ತನ್ನ ಹೊಲವನ್ನು ಪರರು ಉಳುವುದನ್ನು ನೋಡುತ್ತಿರುವಾಗ, ಅವರನ್ನು ಬಾಧಿಸುವುದು ದೇಹದ ನೋವೊಂದೇ ಅಲ್ಲ. ಇನ್ನು ನನ್ನಿಂದ ಯಾರಿಗೇನು ಪ್ರಯೋಜನ ಎಂಬ ಪ್ರಶ್ನೆಯು ಅದಕ್ಕಿಂತ ಹೆಚ್ಚು ಬಾಧಿಸುತ್ತದೆ. ಕಾಯಕದಲ್ಲಿ ನಿಷ್ಠೆಯಿಟ್ಟು ಬೆಳೆದವರಿಗಂತೂ ಅದು ಇನ್ನೂ ಆಳಕ್ಕೆ ಚುಚ್ಚುತ್ತದೆ. ಅದಕ್ಕೆ ಉಪದೇಶದ ಉತ್ತರಗಳು ಬಹಳ ಇವೆ. ಒಬ್ಬ ಸ್ತ್ರೀಯು ಐವತ್ತು ವರ್ಷ ಬದುಕಿ ತೋರಿದ ಉತ್ತರವನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಫ್ಲಾರೆನ್ಸ್ ನೈಟಿಂಗೇಲಳ ಹೆಸರು ನಿಮಗೆ ಹೊಸದಲ್ಲ. ರಾತ್ರಿಯ ಹೊತ್ತು ದೀಪ ಹಿಡಿದು ಗಾಯಾಳುಗಳ ನಡುವೆ ಸುಳಿದಾಡಿದ ದಾದಿಯ ಕಥೆಯನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಆ ಕಥೆ ಕ್ರಿಮಿಯಾದ ಯುದ್ಧದೊಡನೆ ಮುಗಿದುಹೋಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿರಿ: 1820ರಲ್ಲಿ ಹುಟ್ಟಿ 1910ರಲ್ಲಿ ತೀರಿಕೊಂಡ ಆಕೆ ಯುದ್ಧದ ಆಸ್ಪತ್ರೆಗಳಲ್ಲಿ ಸೇವೆ ಮಾಡಿದ್ದು ಎರಡು ವರ್ಷಕ್ಕೂ ಕಡಿಮೆ. ಉಳಿದ ಆಯುಷ್ಯವೆಲ್ಲ ಏನಾಯಿತು?

1854ರ ನವೆಂಬರಿನಲ್ಲಿ 38 ದಾದಿಯರೊಡನೆ ಸ್ಕುಟಾರಿಯನ್ನು ಸೇರಿದ ಆಕೆ ಮರುವರ್ಷದ ಮೇ ತಿಂಗಳಲ್ಲಿ ಕ್ರಿಮಿಯಾದ ಜ್ವರಕ್ಕೆ ತುತ್ತಾಗಿ ಸಾವಿನ ಅಂಚನ್ನು ಮುಟ್ಟಿ ಬಂದಳು. 1856ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೂ ಆ ಜ್ವರದ ಶೇಷವು ದೇಹದಲ್ಲೇ ಉಳಿಯಿತು. 1857ರ ಆಗಸ್ಟಿನಲ್ಲಿ ಕುಸಿದು ಬಿದ್ದವಳು ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. 1861ರ ಕೊನೆಯಲ್ಲಿ ಬೆನ್ನೆಲುಬಿನ ಅಸಹನೀಯ ನೋವು ಬಂದು, ಮುಂದೆ ಕೆಲವು ವರ್ಷ ನಡೆದಾಡುವುದೂ ಸಾಧ್ಯವಾಗಲಿಲ್ಲ. ರೋಗಿಗಳ ಬದಿಯಲ್ಲಿ ನಿಂತು ಶುಶ್ರೂಷೆ ಮಾಡುವ ಕೆಲಸ, ಮನೆಯವರ ವಿರೋಧವನ್ನು ಎದುರಿಸಿ ಆಕೆ ಸಂಪಾದಿಸಿಕೊಂಡಿದ್ದ ಆ ಕೆಲಸ, ಶಾಶ್ವತವಾಗಿ ಕೈಬಿಟ್ಟಿತು. ಕೆಲವರು ಈ ಕಾಯಿಲೆಯನ್ನು ನಟನೆಯೆಂದೂ ಮನಸ್ಸಿನ ವಿಕಾರವೆಂದೂ ಬರೆದರು. 1995ರಲ್ಲಿ ಡಿ. ಎ. ಬಿ. ಯಂಗ್ ಎಂಬ ಸಂಶೋಧಕರು ಆಕೆಯ ಲಕ್ಷಣಗಳನ್ನು ಪರಿಶೀಲಿಸಿ, ಅದು ಹಸಿ ಹಾಲಿನಿಂದಲೂ ಹರಡುವ ಬ್ರುಸೆಲ್ಲೋಸಿಸ್ ಎಂಬ ರೋಗವು ದೀರ್ಘಕಾಲ ನೆಲೆನಿಂತ ರೂಪವಾಗಿರಬೇಕೆಂದು ವಾದಿಸಿದರು. ಹೊರಗೆ ಕಾಣದ ನೋವನ್ನು ಸೋಗು ಎನ್ನುವ ಅಭ್ಯಾಸ ನಮ್ಮ ಮನೆಗಳಲ್ಲೂ ಇಲ್ಲದಿಲ್ಲ.

ಹಾಸಿಗೆಯ ಮೇಲೆ ಆಕೆಗೆ ಉಳಿದದ್ದು ಲೇಖನಿ, ಅಂಕಿಅಂಶಗಳಲ್ಲಿ ಬಾಲ್ಯದಿಂದ ಇದ್ದ ಆಸಕ್ತಿ ಮತ್ತು ಯುದ್ಧದಲ್ಲಿ ಕಂಡ ಸಾವುಗಳ ನೆನಪು. ಆ ಸಾವುಗಳಲ್ಲಿ ಬಹುಪಾಲು ಗಾಯದಿಂದಲ್ಲ, ಹೊಲಸಿನಿಂದ ಹಬ್ಬಿದ ರೋಗಗಳಿಂದ ಆದವು ಎಂಬುದನ್ನು ಅಂಕಿಗಳಿಂದಲೇ ತೋರಿಸಿದಳು. ಓದಲು ಬೇಸರಪಡುವ ಮಂತ್ರಿಗಳಿಗಾಗಿ ಅವನ್ನು ಬಣ್ಣದ ಚಕ್ರಾಕಾರದ ನಕ್ಷೆಗಳಾಗಿ ಬಿಡಿಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಮೊದಲ ಬಾರಿಗೆ ಒಬ್ಬ ಸ್ತ್ರೀಯನ್ನು ಸದಸ್ಯೆಯಾಗಿ ಸ್ವೀಕರಿಸಿತು, ಆಕೆಯೇ ಈಕೆ. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ತಾನು ಮಾಡಲಾರದ ಕೆಲಸವನ್ನು ಮಾಡಬಲ್ಲ ಕೈಗಳನ್ನು ಅಲ್ಲಿ ಸಿದ್ಧಗೊಳಿಸಲಾಯಿತು.

ನಮಗೆ ಹತ್ತಿರವಾದ ಸಂಗತಿ ಇನ್ನು ಬರುವುದು. 1859ರಲ್ಲಿ ಭಾರತದಲ್ಲಿದ್ದ ಸೈನ್ಯದ ಆರೋಗ್ಯಸ್ಥಿತಿಯನ್ನು ವಿಚಾರಿಸಲು ಆಯೋಗವೊಂದು ನೇಮಕವಾಯಿತು. ನೈಟಿಂಗೇಲಳು ಭಾರತಕ್ಕೆ ಒಮ್ಮೆಯೂ ಬಂದವಳಲ್ಲ. ಆದರೂ ಇಲ್ಲಿನ ದಂಡುಪ್ರದೇಶಗಳಿಗೆಲ್ಲ ಪ್ರಶ್ನಾವಳಿಗಳನ್ನು ಕಳಿಸುವ ವ್ಯವಸ್ಥೆ ಮಾಡಿದಳು. ಕುಡಿಯುವ ನೀರು ಎಲ್ಲಿಯದು? ಚರಂಡಿ ಎಲ್ಲಿಗೆ ಹರಿಯುತ್ತದೆ? ಉತ್ತರಗಳು ರಾಶಿರಾಶಿಯಾಗಿ ಬಂದವು. ರೋಗಶಯ್ಯೆಯಲ್ಲೇ ಅವನ್ನು ಓದಿ, 1863ರ ವರದಿಗೆ ತನ್ನ ಅಭಿಪ್ರಾಯಗಳನ್ನು ಬರೆದಳು. ಬೆಂಗಳೂರಿನ ಹಲಸೂರು ಕೆರೆಯ ಮಾತು ಅದರಲ್ಲಿದೆ: ಪೇಟೆಯ ಹೊಲಸು ಹರಿದು ಸೇರುವ ಕೆರೆಯ ನೀರನ್ನೇ ಜನ ಕುಡಿಯುತ್ತಾರೆಂದು ಆಕೆ ಬರೆದಳು. ಸಾವಿರ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 69 ಮಂದಿ ಸಾಯುತ್ತಿದ್ದರೆಂದು ಆಯೋಗ ಕಂಡುಕೊಂಡಿತ್ತು. ಅದು 18ಕ್ಕೆ ಇಳಿದಿದೆಯೆಂದು ಆಕೆ 1873ರಲ್ಲಿ ಬರೆದಳು.

ಆಕೆಯ ಮೊದಲ ಕಾಳಜಿ ಆಂಗ್ಲ ಸೈನಿಕನದು, ನಮ್ಮ ರೈತನದಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಪೇಟೆಯು ಶುಚಿಯಾಗದೆ ದಂಡು ಶುಚಿಯಾಗದೆಂಬ ಅರಿವು ಆಕೆಯನ್ನು ಹಳ್ಳಿಗಳ ಕಡೆಗೆ ಎಳೆಯಿತು. ಮದರಾಸು, ಮುಂಬಯಿ, ಮೈಸೂರು ಸೀಮೆಗಳನ್ನು ಸುಟ್ಟ 1876-78ರ ಕ್ಷಾಮವನ್ನು, ನಮ್ಮ ಹಿರಿಯರು ಧಾತು-ಈಶ್ವರದ ಬರವೆಂದು ನೆನೆಯುತ್ತಿದ್ದ ಆ ಕಾಲವನ್ನು, ಕುರಿತ ಸುದ್ದಿ ಓದಿ ಆಕೆ ನೀರಾವರಿ, ಬಡ್ಡಿಸಾಲ, ರೈತನ ದಾರಿದ್ರ್ಯಗಳ ಮೇಲೆ ಲೇಖನಿ ಎತ್ತಿದಳು. 1878ರ ಆಗಸ್ಟಿನಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಆಕೆಯ ಲೇಖನವು ಅಲ್ಲಿನ ಅಧಿಕಾರಿಗಳಿಗೆ ರುಚಿಸಲಿಲ್ಲ.

ಇದೆಲ್ಲ ಬರಿಯ ಮನೋಬಲದಿಂದ ನಡೆಯಿತೆಂದರೆ ಕಾಯಿಲೆಯವರಿಗೆ ಅನ್ಯಾಯವಾದೀತು. ತಂದೆಯು ವರ್ಷಕ್ಕೆ 500 ಪೌಂಡು ಕೊಡುತ್ತಿದ್ದನು, ಸೇವಕಿಯರಿದ್ದರು, ವೈದ್ಯ ಸದರ್ಲ್ಯಾಂಡ್, ಅಂಕಿಶಾಸ್ತ್ರಜ್ಞ ಫಾರ್ ಮೊದಲಾದವರು ಆಕೆಯ ಕೈಕಾಲುಗಳಾಗಿದ್ದರು. ಆಕೆ ಸೌಮ್ಯ ರೋಗಿಯೂ ಅಲ್ಲ. ಸಹಾಯಕರನ್ನು ಕಟುವಾಗಿ ದುಡಿಸಿದಳು. ಇದ್ದ ಅಲ್ಪ ಶಕ್ತಿಯನ್ನು ಮಾತ್ರ ಜಿಪುಣನು ಹಣವನ್ನು ಕಾಯುವಂತೆ ಕಾದಳು. ಸಮಾರಂಭಗಳಿಗೆ ಹೋಗಲಿಲ್ಲ. ಮೊದಲೇ ಗೊತ್ತುಮಾಡಿಕೊಂಡು ಬಂದವರನ್ನು ಒಬ್ಬೊಬ್ಬರಾಗಿ ಕಂಡಳು. ಭಾರತಕ್ಕೆ ಹೊರಟ ವೈಸರಾಯರಲ್ಲಿ ಹಲವರು ಆಕೆಯನ್ನು ಕಂಡು ಮಾತನಾಡಿಯೇ ಹಡಗು ಹತ್ತಿದರು.

ಇಳಿವಯಸ್ಸಿನಲ್ಲಿ ಕಣ್ಣು ಹೋಯಿತು, ನೆನಪೂ ಮಾಸಿತು. ಭಾರತದ ನೈರ್ಮಲ್ಯದ ಕಾಗದಪತ್ರಗಳು ಮಾತ್ರ ಲಂಡನ್ನಿನ ಇಂಡಿಯಾ ಕಚೇರಿಯಿಂದ ಆಕೆಯ ಮನೆಗೆ ಬರುತ್ತಲೇ ಇದ್ದವು. ಇನ್ನು ಮೇಲೆ ಅವನ್ನು ಕಳಿಸಿ ಪ್ರಯೋಜನವಿಲ್ಲವೆಂದು 1906ರಲ್ಲಿ ಮನೆಯವರೇ ತಿಳಿಸಬೇಕಾಯಿತು. ಆಗ ಆಕೆಗೆ ಎಂಬತ್ತಾರು ವರ್ಷ.