ಸೋದರ ಸಂಬಂಧದ ಮದುವೆ

ಸೋದರಮಾವ ಅಕ್ಕನ ಮಗಳನ್ನು, ಇಲ್ಲವೇ ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ವರಿಸುವ ರಕ್ತಸಂಬಂಧದ ವಿವಾಹಪದ್ಧತಿ. ಶಿವಮೊಗ್ಗ ಸೇರಿದಂತೆ ಕರ್ನಾಟಕದ ಹಲವೆಡೆ ರೂಢಿಯಲ್ಲಿದೆ. ಚಿಕ್ಕಪ್ಪ, ದೊಡ್ಡಮ್ಮಂದಿರ ಮಕ್ಕಳು ಒಡಹುಟ್ಟಿದವರೆಂದೇ ಎಣಿಕೆ, ಮದುವೆ ನಿಷಿದ್ಧ. ಆದರೆ ವಂಶವಾಹಿಗಳ ಲೆಕ್ಕದಲ್ಲಿ ಅವರೂ ಅತ್ತೆ-ಮಾವನ ಮಕ್ಕಳೂ ಅಷ್ಟೇ ಹತ್ತಿರದವರು, ಇದು ಗಮನಾರ್ಹ. ಸೋದರಮಾವ-ಸೊಸೆಗೆ ಸರಾಸರಿ 1/4 ವಂಶವಾಹಿಗಳು ಸಮಾನ. ಅವರ ಮಗುವಿನಲ್ಲಿ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬಂದಿರುವ ಸಂಭವ 1/8; ಅತ್ತೆ-ಮಾವನ ಮಕ್ಕಳ ಸಂತಾನದಲ್ಲಿ 1/16. ತಂದೆತಾಯಿಯಲ್ಲಿ ಒಂಟಿಯಾಗಿ ಅಡಗಿದ್ದ ದೋಷ ಮಗುವಿನಲ್ಲಿ ಜೋಡಿಯಾದಾಗ ಹುಟ್ಟುಕಿವುಡಿನಂಥ ತೊಂದರೆಗಳು ಹೊರಬೀಳುತ್ತವೆ. ಆದರೂ ಬಹುಪಾಲು ಮಕ್ಕಳು ಆರೋಗ್ಯವಂತರೇ. 1980ರ ದಶಕದಲ್ಲಿ ಕರ್ನಾಟಕದಲ್ಲಿ ನಡೆದ ನವಜಾತ ಶಿಶುಗಳ ಸಮೀಕ್ಷೆಯಲ್ಲಿ ಸುಮಾರು ಮೂರನೇ ಒಂದರಷ್ಟು ದಂಪತಿಗಳು ರಕ್ತಸಂಬಂಧಿಗಳಾಗಿದ್ದರು. 1955ರ ಹಿಂದೂ ವಿವಾಹ ಕಾಯ್ದೆಯಂತೆ ಸೋದರಮಾವನೊಡನೆ ಮದುವೆ ನಿಷಿದ್ಧವಾದರೂ ಕುಲಾಚಾರವಿದ್ದಲ್ಲಿ ಮಾನ್ಯ.