ವಾರಕ್ಕೆ ಅರ್ಧ ಬಾಟ್ಜೆನ್

1855ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಒಂದು ಹೊಸ ಬಗೆಯ ಚಂದಾ ಶುರುವಾಯಿತು. ಒಬ್ಬೊಬ್ಬರೂ ವಾರಕ್ಕೆ ಕೊಡಬೇಕಾದದ್ದು ಅರ್ಧ ಬಾಟ್ಜೆನ್. ಬಾಟ್ಜೆನ್ ಅನ್ನೋದು ಆ ಸೀಮೆಯ ಹಳೇ ನಾಣ್ಯ. ಅದರರ್ಧ ಅಂದರೆ ಹೊಸ ಲೆಕ್ಕದಲ್ಲಿ 5 ರಾಪ್ಪೆನ್, ಫ್ರಾಂಕಿನ ಇಪ್ಪತ್ತರಲ್ಲಿ ಒಂದು ಪಾಲು. ವರ್ಷವಿಡೀ ತಪ್ಪದೆ ಕೊಟ್ಟರೂ ಆಗುತ್ತಿದ್ದದ್ದು 2 ಫ್ರಾಂಕ್ 60 ರಾಪ್ಪೆನ್, ಅಷ್ಟೇ.

ಇದನ್ನು ಶುರು ಮಾಡಿದವನು ಕಾರ್ಲ್ ಸರಾಸಿನ್, ರೇಷ್ಮೆ ರಿಬ್ಬನ್ ಕಾರ್ಖಾನೆಯ ಸಿರಿವಂತ ಮಾಲೀಕ. ಹಣ ಹೋಗುತ್ತಿದ್ದದ್ದು 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿಗೆ. ಅಷ್ಟು ಹೊತ್ತಿಗೆ ಮಿಷನ್ ಆಫ್ರಿಕಾದ ಗೋಲ್ಡ್ ಕೋಸ್ಟ್, ಚೀನಾ ಮತ್ತು ನಮ್ಮ ಮಂಗಳೂರಿನ ತನಕ ಹರಡಿತ್ತು, ಖರ್ಚೂ ಅದಕ್ಕೆ ತಕ್ಕಂತೆ ಬೆಳೆದಿತ್ತು. ಸಿರಿವಂತರ ನಾಲ್ಕು ದೊಡ್ಡ ಚೆಕ್‌ಗಳನ್ನು ನಂಬಿ ಕೂರಬಹುದಿತ್ತು. ಹಾಗೆ ಮಾಡದೆ ಕೂಲಿಯವರು, ಮನೆಗೆಲಸದವರು ಕೂಡ ಕೊಡಬಹುದಾದ ಮೊತ್ತವನ್ನೇ ಗೊತ್ತು ಮಾಡಿದರು.

ಇದರ ಹಿಂದೆ ಒಂದು ಹಳೇ ಕತೆ ಇದೆ. ಯೆರೂಸಲೇಮಿನ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಸಿರಿವಂತರು ದಂಡಿಯಾಗಿ ಹಣ ಹಾಕುತ್ತಿದ್ದರು. ಬಡ ವಿಧವೆಯೊಬ್ಬಳು ಬಂದು ಎರಡು ಪುಡಿಗಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಅಂದ ಯೇಸು. ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟಿದ್ದರು, ಇವಳು ಬದುಕಿಗೆ ಇಟ್ಟುಕೊಂಡದ್ದನ್ನೇ ಕೊಟ್ಟಿದ್ದಳು. ಅಂದರೆ ಕೊಡುಗೆಯನ್ನು ಅಳೆಯಬೇಕಾದ್ದು ಪೆಟ್ಟಿಗೆಗೆ ಬಿದ್ದದ್ದರಿಂದಲ್ಲ, ಕೈಯಲ್ಲಿ ಉಳಿದದ್ದರಿಂದ.

ಇನ್ನೊಂದು ಎಳೆ ಸಂತ ಪೌಲನದು. ಯೆರೂಸಲೇಮಿನ ಬಡವರಿಗಾಗಿ ಗ್ರೀಕ್ ಊರುಗಳಲ್ಲಿ ಹಣ ಕೂಡಿಸುವಾಗ ಆತ ಕೊರಿಂಥದವರಿಗೆ ಬರೆದ ಕಾಗದದಲ್ಲಿ ‘ಖಾರಿಸ್’ ಅನ್ನೋ ಗ್ರೀಕ್ ಪದ ಮತ್ತೆ ಮತ್ತೆ ಬರುತ್ತದೆ. ದೇವರ ಕೃಪೆಗೂ ಅದೇ ಪದ, ಜನ ಕೊಡೋ ಚಂದಾಕ್ಕೂ ಅದೇ ಪದ. ಪುಣ್ಯದ ಖಾತೆಗೆ ಜಮಾ ಮಾಡಲಿಕ್ಕೆ ಕೊಡೋದಲ್ಲ, ಮೊದಲೇ ಬಿಟ್ಟಿ ಸಿಕ್ಕಿದ್ದನ್ನು ಮುಂದಕ್ಕೆ ದಾಟಿಸೋದು ಅನ್ನೋ ತಿಳಿವಳಿಕೆ ಇದು. ಎಡಗೈಗೆ ತಿಳಿಯದ ಹಾಗೆ ಬಲಗೈ ಕೊಡಲಿ ಅನ್ನೋ ಮಾತೂ ಇದಕ್ಕೆ ಸೇರಿಕೊಳ್ಳುತ್ತೆ. ನಮ್ಮ ದಾನಶಾಸನಗಳು ಕೊಟ್ಟವರ ಹೆಸರನ್ನು ಕಲ್ಲಲ್ಲಿ ಕೆತ್ತಿ, ಅಳುಪಿದವರಿಗೆ ಶಾಪವನ್ನೂ ಹಾಕುತ್ತವೆ. ಐದು ರಾಪ್ಪೆನ್ ಕೊಟ್ಟವರಿಗೆ ಯಾವ ಕಲ್ಲೂ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಕತೆ ಚೆಂದ. ಆದರೆ ಅರ್ಧ ಬಾಟ್ಜೆನ್ ಬಿಟ್ಟಿ ಬಂದ ಹಣ ಅಲ್ಲ, ಅದಕ್ಕೊಂದು ಗುರಿ ಇತ್ತು. ಕೊಟ್ಟವರಿಗೆ ಬೇಕಿದ್ದದ್ದು ದೂರದ ಜನ ಕ್ರೈಸ್ತರಾಗೋದು. ಕರಾವಳಿಯಲ್ಲಿ ಹಾಗೆ ಆದವರ ಪಾಡೇನಾಯಿತು? ಎಷ್ಟೋ ಜನ ಜಾತಿಯ ಜೊತೆಗೆ ಮನೆ, ಕಸುಬು ಎರಡನ್ನೂ ಕಳೆದುಕೊಂಡರು. ಅವರಿಗೆ ಸುಮ್ಮನೆ ಅನ್ನ ಹಾಕಿದರೆ ಭಿಕ್ಷೆಯಾಗುತ್ತದೆ ಅಂತ ಮಿಷನ್ ಕೆಲಸ ಕೊಟ್ಟಿತು. ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆ ಬಂತು. ಆದರೆ ಭಾನುವಾರ ಉಪದೇಶ ಮಾಡೋರೂ ಸೋಮವಾರ ಕೂಲಿ ಕೊಡೋರೂ ಒಂದೇ ಮಿಷನ್ನಿನವರಾದಾಗ, ಬೇಡ ಅನ್ನೋ ಸ್ವಾತಂತ್ರ್ಯ ಆ ಕೆಲಸಗಾರನಿಗೆ ಎಷ್ಟಿತ್ತು? ಬೇಡ ಅನ್ನಲಾಗದ ಕೊಡುಗೆ ಕೊಡುಗೆಯಾಗಿ ಉಳಿಯುತ್ತಾ? ಇವತ್ತು ಕಂಪನಿಗಳ ಸಿಎಸ್ಆರ್ ಹಣದ ಬಗ್ಗೆಯೂ ಕೇಳಬೇಕಾದ ಪ್ರಶ್ನೆ ಇದು.

ಗುರಿಯನ್ನು ಮೀರಿ ಹೋದದ್ದೂ ಉಂಟು. 1853ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಇದೇ ಮಿಷನ್ನಿನ ಪಾದ್ರಿ. ಊರವರ ಕಾಣಿಕೆಗಳಿಂದ ನಡೆಯುತ್ತಿದ್ದ ಸಂಸ್ಥೆ ಕಳಿಸಿದ ಮನುಷ್ಯ ಇಲ್ಲಿ ಬಂದು ಜೈನ ಕವಿ ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ, ನಾಗವರ್ಮನ ‘ಛಂದೋಂಬುಧಿ’ಯನ್ನು ಅಚ್ಚು ಹಾಕಿಸಿದ. 1894ರಲ್ಲಿ ಅದೇ ಮಿಷನ್ನಿನ ಮಂಗಳೂರು ಅಚ್ಚುಕೂಟದಿಂದ ಅವನ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು, 1,700ಕ್ಕೂ ಹೆಚ್ಚು ಪುಟ. ಮತಪ್ರಚಾರಕ್ಕೆ ಅಂತ ಕಳಿಸಿದ ಪಾದ್ರಿ ಹಳಗನ್ನಡದಲ್ಲಿ ಮುಳುಗಿದ್ದು ಮಿಷನ್ನಿನ ಹಿರಿಯರಿಗೆಲ್ಲ ಹಿಡಿಸಿರಲಿಲ್ಲ.

ಹಾಗಂತ ನಿಘಂಟಿನ ಪುಣ್ಯದಿಂದ ಕಾರ್ಖಾನೆಯ ಕೂಲಿಯವನ ಪ್ರಶ್ನೆ ತೀರೋದಿಲ್ಲ. ಎರಡೂ ಒಂದೇ ಪೆಟ್ಟಿಗೆಯಿಂದ ಬಂದವು, ಎರಡನ್ನೂ ಒಟ್ಟಿಗೇ ನೋಡಬೇಕು. ಆದರೆ ಕ್ರೈಸ್ತ ನಂಬಿಕೆಯ ಒಳಗಿನಿಂದಲೇ ಇದಕ್ಕೊಂದು ಅಳತೆಗೋಲು ಸಿಗುತ್ತೆ. ವಿಧವೆ ಎರಡು ಕಾಸು ಹಾಕಿ ಹೊರಟು ಹೋದಳು, ಅದು ಯಾವುದಕ್ಕೆ ಖರ್ಚಾಯಿತು ಅಂತ ಕೇಳಿದ ಸುದ್ದಿ ಕತೆಯಲ್ಲಿಲ್ಲ. ಕೊಟ್ಟವರು ಕೈಬಿಟ್ಟಷ್ಟೂ ಅದು ಕೊಡುಗೆ, ಹಗ್ಗ ಕಟ್ಟಿ ಹಿಡಿದುಕೊಂಡಷ್ಟೂ ಅದು ಸಾಲ. ಮಿಷನ್ ಹಗ್ಗ ಹಿಡಿದ ಕಡೆ ಕೂಲಿಯವನಿಗೆ ಋಣದ ಭಾರ ಉಳಿಯಿತು, ಹಗ್ಗ ಜಾರಿದ ಕಡೆ ನಮಗೆ ನಿಘಂಟು ಉಳಿಯಿತು. ಬಾಸೆಲ್ಲಿನ ಯಾವುದೋ ಬೀದಿಯಲ್ಲಿ ವಾರವಾರ ಐದು ರಾಪ್ಪೆನ್ ಎತ್ತಿಟ್ಟವರಿಗೆ ಬಹುಶಃ ಕನ್ನಡ ಅನ್ನೋದೊಂದು ಭಾಷೆ ಇದೆ ಅಂತಲೂ ಗೊತ್ತಿರಲಿಕ್ಕಿಲ್ಲ.