ಡಬ್ಲ್ಯುಸಿಎಫ್ ಚೌಕಟ್ಟಿನಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್ ಕಂಟೈನರಿನ ಸಂಯೋಜನೆ

ವೆಬ್ ಸೇವೆಗಳನ್ನು ಜಾಲದ ಮೇಲೆ ನಡೆಸುವ ಚೌಕಟ್ಟು ಒಂದು ಕಡೆ, ಪ್ರೋಗ್ರಾಮಿನ ಅಂಗಗಳನ್ನು ಸೃಷ್ಟಿಸಿ ಒಂದಕ್ಕೊಂದನ್ನು ಹೊಂದಿಸಿಕೊಡುವ ಕಂಟೈನರ್ ಇನ್ನೊಂದು ಕಡೆ, ಇವೆರಡೂ ಒಂದೇ ತಂತ್ರಾಂಶದಲ್ಲಿ ಕೂಡಿ ನಡೆಯಬೇಕಾದಾಗ ಸೇವೆಯ ಆಬ್ಜೆಕ್ಟನ್ನು ಹುಟ್ಟಿಸುವ ಅಧಿಕಾರವು ಯಾರದೆಂಬುದನ್ನೂ, ಕಾರ್ಯಾವಸಾನದಲ್ಲಿ ಅದನ್ನು ವಿಸರ್ಜಿಸುವ ಹೊಣೆಯು ಯಾರದೆಂಬುದನ್ನೂ ನಿಶ್ಚಯಿಸುವ ವಿಧಾನಗಳು ಈ ಲೇಖನದ ವಿಷಯ. ಜಾವಾ ಪ್ರಪಂಚದಲ್ಲಿ ಅಪಾಚೆ ಸಿಎಕ್ಸ್‌ಎಫ್ ಮತ್ತು ಸ್ಪ್ರಿಂಗ್‌ಗಳ ನಡುವೆಯೂ, ಜೆರ್ಸಿ ಮತ್ತು ಗೈಸ್‌ಗಳ ನಡುವೆಯೂ ಇದೇ ಪ್ರಶ್ನೆ ಉಂಟಾದರೂ, ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಕಮ್ಯುನಿಕೇಶನ್ ಫೌಂಡೇಶನ್, ಅರ್ಥಾತ್ ಡಬ್ಲ್ಯುಸಿಎಫ್ ಚೌಕಟ್ಟಿನಲ್ಲಿ ಅದು ಅತ್ಯಂತ ಸ್ಫುಟವಾಗಿ ಗೋಚರಿಸುವುದರಿಂದ, ಇಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡಿದೆ.

ಪ್ರೋಗ್ರಾಮರನು ಬರೆದ ಭಾಗಗಳನ್ನು ಚೌಕಟ್ಟೇ ತನಗೆ ಬೇಕಾದಾಗ ಕರೆಯುವ ನಿಯಂತ್ರಣ ವಿಪರ್ಯಯವನ್ನು ರಾಲ್ಫ್ ಜಾನ್ಸನ್ ಮತ್ತು ಬ್ರಯಾನ್ ಫೂಟ್ ಅವರು 1988ರಷ್ಟು ಹಿಂದೆಯೇ ತಮ್ಮ ಪ್ರಬಂಧದಲ್ಲಿ ವಿವೇಚಿಸಿದ್ದರು. ಒಂದು ಆಬ್ಜೆಕ್ಟಿಗೆ ಬೇಕಾದ ಸಹಾಯಕಗಳನ್ನು ಅದು ತಾನೇ ನಿರ್ಮಿಸಿಕೊಳ್ಳದೆ ಹೊರಗಿನಿಂದ ಪಡೆಯಬೇಕೆಂಬ ವಿಶಿಷ್ಟ ತತ್ತ್ವಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರು ರೂಢಿಯಾದುದು ಮಾರ್ಟಿನ್ ಫೌಲರ್ ಅವರ 2004ರ ಲೇಖನದಿಂದ. ಆರ್ಡರುಗಳನ್ನು ಸ್ವೀಕರಿಸುವ ಸೇವೆಯೊಂದಕ್ಕೆ ಡೇಟಾಬೇಸಿನ ಸಂಪರ್ಕವೂ ದಾಖಲೆ ಬರೆಯುವ ಲಾಗರೂ ಬೇಕೆಂದಾದರೆ, ಅವನ್ನು ತನ್ನ ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರುಗಳಾಗಿ ಘೋಷಿಸಿ ಆ ಸೇವೆಯು ನಿಶ್ಚಿಂತವಾಗಿರುತ್ತದೆ. ಒದಗಿಸುವ ಭಾರವು ಕಂಟೈನರಿನದು. ಪರೀಕ್ಷಾಕಾಲದಲ್ಲಿ ನಿಜವಾದ ಡೇಟಾಬೇಸಿಗೆ ಬದಲಾಗಿ ಕೃತಕವಾದುದನ್ನು ಕೊಡಬಹುದೆಂಬುದು ಇದರ ಪ್ರತ್ಯಕ್ಷ ಪ್ರಯೋಜನ.

ಡಬ್ಲ್ಯುಸಿಎಫ್ 2006ರಲ್ಲಿ ಡಾಟ್‌ನೆಟ್ 3.0 ಆವೃತ್ತಿಯೊಡನೆ ಬಳಕೆಗೆ ಬಂದಿತು. ಸಂದೇಶವು ಬಂದೊಡನೆ ಸೇವೆಯ ಆಬ್ಜೆಕ್ಟನ್ನು ತಾನೇ ನಿರ್ಮಿಸುವುದು ಅದರ ಸಹಜ ಕ್ರಮ. ಪ್ಯಾರಾಮೀಟರುಗಳಿಲ್ಲದ ಕನ್‌ಸ್ಟ್ರಕ್ಟರಿನ ಹೊರತು ಬೇರೊಂದನ್ನು ಅದು ಅರಿಯದು. ಅಂಥದೊಂದು ಇಲ್ಲದಿದ್ದರೆ ಸೇವೆಯು ಆರಂಭವಾಗುವುದೇ ಇಲ್ಲ. ಮೊದಲೇ ಕಟ್ಟಿದ ಒಂದು ಆಬ್ಜೆಕ್ಟನ್ನು, ಸೇವೆಯನ್ನು ತೆರೆದು ನಡೆಸುವ ಸರ್ವಿಸ್‌ಹೋಸ್ಟಿಗೆ ಒಪ್ಪಿಸುವ ಮಾರ್ಗವೇನೋ ಉಂಟು, ಆದರೆ ಆಗ ಸಕಲ ಗ್ರಾಹಕರಿಗೂ ಆ ಒಂದೇ ಆಬ್ಜೆಕ್ಟ್ ಉತ್ತರ ಕೊಡಬೇಕಾಗುವುದರಿಂದ ಬಹುತೇಕ ಸೇವೆಗಳಿಗೆ ಅದು ಒಗ್ಗದು.

ಚೌಕಟ್ಟನ್ನು ರಚಿಸಿದವರು ಈ ವಿಷಯದಲ್ಲಿ ದೂರದೃಷ್ಟಿಯುಳ್ಳವರಾಗಿದ್ದರೆಂದು ಒಪ್ಪಲೇಬೇಕು. ಐಇನ್‌ಸ್ಟನ್ಸ್‌ಪ್ರೊವೈಡರ್ ಎಂಬ ಇಂಟರ್‌ಫೇಸಿನ ಮೂಲಕ ಸೃಷ್ಟಿಯ ಅಧಿಕಾರವನ್ನು ಹೊರಗಿನವರಿಗೆ ಬಿಟ್ಟುಕೊಡಲು ಅವರು ಅವಕಾಶವಿಟ್ಟರು. ಎರಡು ರೂಪಗಳುಳ್ಳ ಗೆಟ್‌ಇನ್‌ಸ್ಟನ್ಸ್ ಮತ್ತು ಅದಕ್ಕೆ ಜೊತೆಯಾದ ರಿಲೀಸ್‌ಇನ್‌ಸ್ಟನ್ಸ್, ಇಷ್ಟೇ ಅದರ ಮೆಥಡುಗಳು. ಮೊದಲನೆಯದರಲ್ಲಿ ಕಂಟೈನರನ್ನು ಕೇಳಿ ಸೇವೆಯನ್ನು ಪಡೆಯಬೇಕು, ಎರಡನೆಯದರಲ್ಲಿ ಅದನ್ನು ಕಂಟೈನರಿಗೇ ಮರಳಿಸಬೇಕು. ಈ ಪ್ರೊವೈಡರನ್ನು ನೆಲೆಗೊಳಿಸುವುದಕ್ಕೆ ಐಸರ್ವಿಸ್‌ಬಿಹೇವಿಯರ್ ಎಂಬ ಮತ್ತೊಂದು ಇಂಟರ್‌ಫೇಸುಂಟು. ಸೇವೆಯು ತೆರೆಯುವ ಮುನ್ನ ಈ ಇಂಟರ್‌ಫೇಸಿನ ಅಪ್ಲೈಡಿಸ್‌ಪ್ಯಾಚ್‌ಬಿಹೇವಿಯರ್ ಮೆಥಡಿನಲ್ಲಿ ಪ್ರತಿಯೊಂದು ಎಂಡ್‌ಪಾಯಿಂಟಿನ ಡಿಸ್‌ಪ್ಯಾಚ್‌ರನ್‌ಟೈಮಿಗೂ ಪ್ರೊವೈಡರನ್ನು ಹಚ್ಚಬೇಕು. ಐಐಎಸ್ ಸರ್ವರಿನಲ್ಲಿ ಸರ್ವಿಸ್‌ಹೋಸ್ಟನ್ನು ನಿರ್ಮಿಸುವುದು ಪ್ರೋಗ್ರಾಮರನ ಕೈಯಲ್ಲಿಲ್ಲವಾದ್ದರಿಂದ, ಸರ್ವಿಸ್‌ಹೋಸ್ಟ್‌ಫ್ಯಾಕ್ಟರಿಯಿಂದ ತನ್ನದೇ ಕ್ಲಾಸೊಂದನ್ನು ಪಡೆದು, ಎಸ್‌ವಿಸಿ ಕಡತದ ಫ್ಯಾಕ್ಟರಿ ಎಂಬ ಸ್ಥಾನದಲ್ಲಿ ಅದರ ಹೆಸರನ್ನು ನಮೂದಿಸುವುದು ವಾಡಿಕೆ. ಆಟೋಫ್ಯಾಕ್, ಕ್ಯಾಸಲ್ ವಿಂಡ್ಸರ್, ನಿಂಜೆಕ್ಟ್ ಮೊದಲಾದ ಕಂಟೈನರುಗಳಿಗೆ ಇಂಥ ಫ್ಯಾಕ್ಟರಿಗಳು ಸಿದ್ಧವಾಗಿಯೇ ದೊರೆಯುತ್ತವೆ.

ಸಂಯೋಜನೆಯ ಮರ್ಮವಿರುವುದು ಸೃಷ್ಟಿಯಲ್ಲಿ ಅಲ್ಲ, ವಿಸರ್ಜನೆಯಲ್ಲಿ. ಗೆಟ್‌ಇನ್‌ಸ್ಟನ್ಸನ್ನು ಶ್ರದ್ಧೆಯಿಂದ ಬರೆದು ರಿಲೀಸ್‌ಇನ್‌ಸ್ಟನ್ಸನ್ನು ಬರಿದಾಗಿ ಬಿಟ್ಟ ಪ್ರೊವೈಡರು ಪರೀಕ್ಷೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಮೊದಲ ದಿನಗಳಲ್ಲಿಯೂ ಯಾವ ದೋಷವನ್ನೂ ತೋರುವುದಿಲ್ಲ. ಆದರೆ ಕ್ಯಾಸಲ್ ವಿಂಡ್ಸರ್, ವಿಲೇವಾರಿ ಮಾಡಬೇಕಾದ ಆಬ್ಜೆಕ್ಟುಗಳನ್ನು ಯಾರಾದರೂ ರಿಲೀಸ್ ಎಂದು ಹೇಳುವವರೆಗೆ ತನ್ನ ಲೆಕ್ಕದಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ಆಟೋಫ್ಯಾಕ್ ಕೂಡ ಮೂಲ ಕಂಟೈನರಿನಿಂದ ನೇರವಾಗಿ ಪಡೆದ ಅಂಥ ಆಬ್ಜೆಕ್ಟುಗಳನ್ನು ತಾನು ಮುಗಿಯುವ ತನಕ ಬಿಡದು. ಹೀಗೆ ಹಿಡಿದಿಟ್ಟುದನ್ನು ಗಾರ್ಬೇಜ್ ಕಲೆಕ್ಟರು ಮುಟ್ಟಲಾರದ ಕಾರಣ ಮೆಮೊರಿಯು ಕರೆಕರೆಗೂ ಬೆಳೆಯುತ್ತ ಹೋಗುತ್ತದೆ. ಸೇವೆಯನ್ನು ಮಾತ್ರ ಡಿಸ್ಪೋಸ್ ಮಾಡಿದರೂ ಸಾಲದು: ಅದರ ಹಿಂದೆ ನಿಂತ ಸಂಪರ್ಕಗಳಲ್ಲಿ ಯಾವುದು ಈ ಕರೆಗೆ ಮಾತ್ರ ಸೇರಿದ್ದು, ಯಾವುದು ಹಲವರಿಗೆ ಹಂಚಿದ್ದು ಎಂಬುದು ಚೌಕಟ್ಟಿಗೆ ತಿಳಿಯದು. ಮದುವೆಮನೆಗೆ ನಾಲ್ಕಾರು ಮನೆಗಳಿಂದ ಎರವು ತಂದ ಪಾತ್ರೆಗಳಲ್ಲಿ ಯಾವುದು ಯಾರದೆಂಬುದು ತಂದವನಿಗಷ್ಟೇ ಗೊತ್ತಿರುವಂತೆ, ಈ ವಿವೇಕವು ಕಂಟೈನರಿಗೆ ಮಾತ್ರ ಉಂಟು. ಆದಕಾರಣ, ಚೌಕಟ್ಟು ಸೇವೆಯ ಆಬ್ಜೆಕ್ಟನ್ನು ಇರಿಸುವ ಒಂದೊಂದು ಇನ್‌ಸ್ಟನ್ಸ್‌ಕಾಂಟೆಕ್ಸ್ಟಿಗೂ ಪ್ರತ್ಯೇಕವಾದ ಲೈಫ್‌ಟೈಮ್ ಸ್ಕೋಪನ್ನು ತೆರೆದು, ಸೇವೆಯೊಡನೆ ಅದರ ಪರಿವಾರವನ್ನೆಲ್ಲ ಅದರೊಳಗೇ ಹುಟ್ಟಿಸಿ, ಕೊನೆಯಲ್ಲಿ ಸ್ಕೋಪನ್ನೇ ಮುಚ್ಚುವ ಆಟೋಫ್ಯಾಕಿನ ಕ್ರಮವು ಶ್ಲಾಘ್ಯವಾದುದು.

ಇದರೊಡನೆ ಆಯುಷ್ಯದ ಪ್ರಶ್ನೆಯೂ ಸೇರುತ್ತದೆ. ಸೇವೆಯು ಒಂದು ಕರೆಗೆ ಬಾಳಬೇಕೆ, ಒಂದು ಸೆಶನ್ನಿಗೆ ಬಾಳಬೇಕೆ, ಅಥವಾ ಹೋಸ್ಟ್ ಇರುವಷ್ಟು ಕಾಲವೂ ಬಾಳಬೇಕೆ ಎಂಬುದನ್ನು ಡಬ್ಲ್ಯುಸಿಎಫ್ ಪರ್‌ಕಾಲ್, ಪರ್‌ಸೆಶನ್, ಸಿಂಗಲ್ ಎಂಬ ಮೂರು ವಿಧಗಳಿಂದ ನಿರ್ಧರಿಸುತ್ತದೆ. ಏನನ್ನೂ ಹೇಳದಿದ್ದರೆ ಪರ್‌ಸೆಶನ್ ಎಂದೇ ಅರ್ಥ. ಬೇಸಿಕ್‌ಎಚ್‌ಟಿಟಿಪಿ ಬೈಂಡಿಂಗಿಗೆ ಸೆಶನ್ ಎಂಬುದಿಲ್ಲವಾಗಿ ಅಲ್ಲಿ ಪರ್‌ಸೆಶನ್ ಸೇವೆಯೂ ಕರೆಕರೆಗೂ ಹೊಸದಾಗಿ ಹುಟ್ಟುತ್ತದೆ. ಅದೇ ಸೇವೆಯನ್ನು ನೆಟ್‌ಟಿಸಿಪಿ ಬೈಂಡಿಂಗಿಗೆ ಒಯ್ದೊಡನೆ ಅದು ಗ್ರಾಹಕನು ಸಂಪರ್ಕವನ್ನು ಮುಚ್ಚುವವರೆಗೂ ಉಳಿಯುತ್ತದೆ. ಕಾನ್ಫಿಗರೇಶನ್ನಿನ ಒಂದು ಸಾಲು ಬದಲಾದ ಮಾತ್ರಕ್ಕೆ, ಒಂದು ಕರೆಗೆಂದು ಪಡೆದ ಡೇಟಾಬೇಸ್ ಕಾಂಟೆಕ್ಸ್ಟ್ ಗಂಟೆಗಟ್ಟಲೆ ಬಂದಿಯಾಗಿರುವ ಅನರ್ಥವು ಸಂಭವಿಸುವುದು ಹೀಗೆ. ಸೇವೆಗೆ ಪರ್‌ಕಾಲ್ ಎಂದು ಸ್ಪಷ್ಟವಾಗಿ ವಿಧಿಸುವುದೇ ಕ್ಷೇಮಕರ.

ಇಷ್ಟೆಲ್ಲ ಪರಿಶ್ರಮವನ್ನು ತಪ್ಪಿಸಿಕೊಳ್ಳಲು, ಪ್ಯಾರಾಮೀಟರಿಲ್ಲದ ಕನ್‌ಸ್ಟ್ರಕ್ಟರೊಂದನ್ನು ಬರೆದು ಅದರೊಳಗಿನಿಂದಲೇ ಸ್ಟ್ಯಾಟಿಕ್ ಕಂಟೈನರನ್ನು ಕೇಳುವ ಅಡ್ಡದಾರಿಯನ್ನು ಹಿಡಿದವರು ಹಲವರು. ಸೇವೆಯು ಯಾವುದನ್ನು ಅವಲಂಬಿಸಿದೆಯೆಂಬುದು ಇದರಿಂದ ಮರೆಯಾಗುವುದು, ವಿಸರ್ಜನೆಯ ಹೊಣೆಯೂ ಯಾರಿಗೂ ಸೇರದೆ ಉಳಿಯುವುದು. ಇಂಜೆಕ್ಷನ್ನಿನ ಉದ್ದೇಶವನ್ನೇ ಇದು ಭಂಗಗೊಳಿಸುತ್ತದೆ. ಕಂಟೈನರಿನ ಪರಿಚಯವು ಪ್ರೋಗ್ರಾಮಿನ ಹೊಸ್ತಿಲಲ್ಲಿ ಒಂದೇ ಸ್ಥಳದಲ್ಲಿರಬೇಕೆಂಬ, ಮಾರ್ಕ್ ಸೀಮನ್ ಅವರು 2011ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದ ಕಾಂಪೊಸಿಶನ್ ರೂಟ್ ತತ್ತ್ವಕ್ಕೆ ಡಬ್ಲ್ಯುಸಿಎಫ್‌ನಲ್ಲಿ ಯೋಗ್ಯವಾದ ನೆಲೆ ಫ್ಯಾಕ್ಟರಿಯೇ ಹೊರತು ಸೇವೆಯ ಕ್ಲಾಸಲ್ಲ.

2016ರಲ್ಲಿ ಪ್ರಕಟವಾದ ಡಾಟ್‌ನೆಟ್ ಕೋರ್, ಕಂಟೈನರನ್ನು ತನ್ನ ವೆಬ್ ಚೌಕಟ್ಟಿನ ಅಂಗವಾಗಿಯೇ ಪಡೆದು ಬಂದಿತು. ಆದರೆ ಡಬ್ಲ್ಯುಸಿಎಫ್‌ನ ಸರ್ವರ್ ಭಾಗವು ಅದರೊಳಗೆ ಸೇರಲಿಲ್ಲ. ಆ ಕೊರತೆಯನ್ನು ತುಂಬಲೆಂದು ಡಾಟ್‌ನೆಟ್ ಫೌಂಡೇಶನ್ನಿನ ಆಶ್ರಯದಲ್ಲಿ ಬೆಳೆದ ಕೋರ್‌ಡಬ್ಲ್ಯುಸಿಎಫ್ ಯೋಜನೆಯು 2022ರಲ್ಲಿ ತನ್ನ 1.0 ಆವೃತ್ತಿಯನ್ನು ಹೊರತಂದಿತು. ಅಲ್ಲಿ ಸೇವೆಯ ಕ್ಲಾಸನ್ನು ಉಳಿದ ಅಂಗಗಳಂತೆಯೇ ಕಂಟೈನರಿನಲ್ಲಿ ನೋಂದಾಯಿಸಿದರೆ, ಪ್ರತ್ಯೇಕವಾದ ಪ್ರೊವೈಡರನ್ನು ಬರೆಯದೆಯೇ, ಅದರ ಕನ್‌ಸ್ಟ್ರಕ್ಟರಿಗೆ ಬೇಕಾದುದು ಒದಗುತ್ತದೆ.